ಗಾಳಕ್ಕೊಬ್ಬ ಗೈಡ್: ಹುಬ್ಬಳ್ಳಿ-ಧಾರವಾಡ, ಹಾವೇರಿ, ಗದಗ ಸುತ್ತಿನ ಸೇವೆಗಳ ವಿಮರ್ಶೆ

ಹುಬ್ಬಳ್ಳಿ-ಧಾರವಾಡದಿಂದ ಭಾನುವಾರ ಗಾಳ ಹಾಕಲು ಹೊರಡುವವರಿಗೆ ಈಗ ನಾಲ್ಕು ಬಗೆಯ ಗೈಡ್ ಸಿಗುತ್ತಾರೆ. ತುಂಗಭದ್ರೆ, ವರದೆಯ ದಂಡೆಯ ಅಂಬಿಗರು ಮೊದಲನೆಯವರು; ಬಲೆ, ಹರಿಗೋಲು ಅವರ ಮನೆತನದ ಕಸುಬು. ಎರಡನೆಯವರು ರಾಡ್-ರೀಲಿನ ಹುಚ್ಚು ಹಿಡಿದು, ಅದರಲ್ಲೇ ನಾಲ್ಕು ಕಾಸು ಮಾಡಿಕೊಳ್ಳುವ ಪೇಟೆಯ ಹುಡುಗರು. ಮೂರನೆಯದು ದಾಂಡೇಲಿ ಕಡೆಯ ರೆಸಾರ್ಟಿನ ಪ್ಯಾಕೇಜು. ಹೊಲದ ಹೊಂಡದಲ್ಲಿ ಮೀನು ಬಿಟ್ಟು, ತಾಸಿನ ಲೆಕ್ಕದಲ್ಲಿ ಗಾಳ ಹಾಕಗೊಡುವವರು ನಾಲ್ಕನೆಯವರು. ಈ ನಾಲ್ವರ ಕೆಲಸ ಬೇರೆ ಬೇರೆ, ಆದರೆ ಎಲ್ಲರಿಗೂ ಹಾಕಬಹುದಾದ ಅಳತೆ ಒಂದಿದೆ: ಯಾವ ನೀರಿಗೆ, ಯಾವ ಹೊತ್ತಿಗೆ ಆತ "ಬ್ಯಾಡ್ರಿ" ಅನ್ನುತ್ತಾನೆ? ಮೊಬೈಲಿನಲ್ಲಿ ಹತ್ತು ಕೆಜಿ ಕಾಟ್ಲಾ ಎತ್ತಿ ಹಿಡಿದ ಫೋಟೋ ಯಾರ ಬಳಿಯಾದರೂ ಇರುತ್ತದೆ. ಆ ಮೀನು ಗಾಳಕ್ಕೆ ಬಿತ್ತೋ ಬಲೆಗೆ ಬಿತ್ತೋ ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲ ಫೋನಿನಲ್ಲಿ ಮೀನಿನ ಸುದ್ದಿ ತೆಗೆಯಬೇಡಿ. "ಯಜಮಾನ್ರ, ಈಗ ಹೊಳಿ ಹೆಂಗೈತ್ರಿ?" ಅಂತ ಕೇಳಿ. "ನಿನ್ನಿಕಿಂತ ಒಂದ್ ಗೇಣು ಇಳದೈತ್ರಿ, ನೀರ ಇನ್ನೂ ರಾಡಿ ಐತಿ, ಗುರುವಾರದ ಮ್ಯಾಲ ಬರ್ರಿ" ಅಂದರೆ ಆತ ದಿನಾ ನೀರು ನೋಡುವವನು. "ಯಾವಾಗರ ಬರ್ರಿ ಸರ್, ಮೀನ ಸಿಕ್ಕ ಸಿಗ್ತಾವು" ಅಂದರೆ ಅಲ್ಲಿಗೇ ಬಿಡಿ. ಮೀನಿನ ಖಾತ್ರಿ ಯಾವ ಗೈಡೂ ಕೊಡಲಾರ. ಅದರಲ್ಲೂ ಹಾವೇರಿಯ ಬಯಲಿನ ಹೊಳೆಯಲ್ಲಿ ಮಹಶೀರ್ ಹಿಡಿಸಿಕೊಡುತ್ತೇನೆ ಅನ್ನುವವರಿಂದ ದೂರವಿರಿ. ಮಹಶೀರ್‌ಗೆ ಬೇಕಾದದ್ದು ಬಂಡೆ-ರಭಸದ ನೀರು. ಇಲ್ಲಿನ ಮಡುವುಗಳಲ್ಲಿ ಸಿಗುವುದು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಬಾಳೆಮೀನು, ಜಿಲೇಬಿ. ದಂಡೆಯ ಆಪು-ಕಸದಲ್ಲಿ ಹಾವಿನಂಥ ತಲೆಯ ಮುರ್ರೆಲ್.

ಇನ್ನೊಂದು ಪ್ರಶ್ನೆ: ಕಾಟ್ಲಾಕ್ಕೆ ಗಾಳ ಎಷ್ಟು ಆಳಕ್ಕೆ ಬಿಡ್ತೀರಿ? ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲಿನ ನೀರಿನಲ್ಲಿ ಮೇಯುವ ಮೀನು. ರೋಹು ನಡು ನೀರಿನದು. ಮೃಗಾಲ್, ಗೆಂಡೆ ತಳ ಕೆದಕುತ್ತವೆ. ಎಲ್ಲಕ್ಕೂ ಸೀಸ ಕಟ್ಟಿ ತಳಕ್ಕೆ ಇಳಿಸುವ ಗೈಡ್ ಕಾಟ್ಲಾದ ಮಾತೆತ್ತಿದರೆ ನಂಬುವುದು ಹೇಗೆ?

ಮೊದಲು ಅಂಬಿಗರ ಮಾತು. ಹಾವೇರಿ ಜಿಲ್ಲೆಯ ಚೌಡಯ್ಯದಾನಪುರ, ಹಾವನೂರು, ವರದೆ ಬಂದು ತುಂಗಭದ್ರೆ ಸೇರುವ ಗಳಗನಾಥ, ಗದಗ ಜಿಲ್ಲೆಯಲ್ಲಿ ಮುಂಡರಗಿ ತಾಲ್ಲೂಕಿನ ಹಮ್ಮಿಗಿ, ಕೊರ್ಲಹಳ್ಳಿ, ಹೀಗೆ ಹೊಳೆಸಾಲಿನ ಊರುಗಳಲ್ಲಿ ಕೇಳಿದರೆ ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ನೀರಿನ ತಿಳಿವಳಿಕೆಯಲ್ಲಿ ಇವರನ್ನು ಮೀರಿಸುವವರಿಲ್ಲ. ಈ ಹೊಳೆಗೆ ಆ ತಿಳಿವಳಿಕೆ ಬೇಕೇ ಬೇಕು, ಅದಕ್ಕೆ ಎರಡು ಕಾರಣ. ಒಂದು, ಮರಳು ತೆಗೆದ ಗುಂಡಿಗಳು. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿರುವವನ ಮುಂದಿನ ಹೆಜ್ಜೆಗೆ ತಲೆ ಮುಳುಗುವ ಆಳ ಬರಬಹುದು. ಮೇಲಿನಿಂದ ಗುರುತು ಸಿಗುವುದಿಲ್ಲ, ಗುಂಡಿಯ ಅಂಚು ಕಾಲಿಟ್ಟ ಕೂಡಲೇ ಕುಸಿಯುತ್ತದೆ. ಎರಡು, ಮೇಲಿನಿಂದ ಬರುವ ನೀರು. ಹಾವೇರಿಯಲ್ಲಿ ಬಿಸಿಲು ಕಾಯುತ್ತಿದ್ದರೂ ಶಿವಮೊಗ್ಗ-ಚಿಕ್ಕಮಗಳೂರಿನಲ್ಲಿ ಮಳೆ ಸುರಿದಿದ್ದರೆ, ಭದ್ರಾ ಅಣೆಯಿಂದ ನೀರು ಬಿಟ್ಟಿದ್ದರೆ ಇಲ್ಲಿ ಹೊಳೆ ಏರುತ್ತದೆ. ಹಮ್ಮಿಗಿ ಬ್ಯಾರೇಜಿನ ಕೆಳಗಂತೂ ಗೇಟು ಎತ್ತಿದರೆ ಮುಗಿಯಿತು, ನಡುಗಡ್ಡೆಯ ಬಂಡೆ ಮೇಲೆ ಕೂತವರಿಗೆ ದಂಡೆಗೆ ಬರಲು ಹೊತ್ತು ಸಾಲುವುದಿಲ್ಲ. ಒಳ್ಳೆಯ ಅಂಬಿಗ ದಂಡೆಗೆ ಬಂದವನೇ ನೀರಿನ ಅಂಚಿಗೆ ಒಂದು ಕಡ್ಡಿ ನೆಡುತ್ತಾನೆ, ಅರ್ಧ ತಾಸಿಗೊಮ್ಮೆ ಕಣ್ಣು ಅತ್ತ ಹಾಯಿಸುತ್ತಾನೆ. ಕಡ್ಡಿಯ ಬುಡ ತೋಯ್ದರೆ ಸಾಮಾನು ಕಟ್ಟುತ್ತಾನೆ, ಗಿರಾಕಿ ಏನೇ ಗೊಣಗಲಿ. ನಡುಗಡ್ಡೆಗೆ ಕರೆದೊಯ್ಯುವವನು ಅಂದು ಬೆಳಿಗ್ಗೆ ಬ್ಯಾರೇಜಿನಲ್ಲಿ ವಿಚಾರಿಸಿದ್ದಾನೆಯೇ ಕೇಳಿಕೊಳ್ಳಿ. ಇಲ್ಲವೆಂದರೆ ದಂಡೆಯಿಂದಲೇ ಗಾಳ ಹಾಕಿ.

ತುಂಗಭದ್ರೆಯಲ್ಲಿ ಮೊಸಳೆ ಇದೆ. ಕತ್ತಲಲ್ಲಿ ನೀರಿಗಿಳಿದು ಗಾಳ ಬಿಡಿಸುವುದು, ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ಕಾಲ ಬುಡದ ನೀರಿನಲ್ಲೇ ಇಟ್ಟುಕೊಳ್ಳುವುದು, ಮೀನು ಹೆಚ್ಚಿದ ಕರುಳನ್ನು ಅಲ್ಲೇ ಎಸೆಯುವುದು, ಇವುಗಳಲ್ಲಿ ಯಾವುದನ್ನಾದರೂ ಗೈಡ್ ಮಾಡಗೊಟ್ಟರೆ ಆತನ ಅನುಭವದ ಬಗ್ಗೆ ಅನುಮಾನ ಪಡಬೇಕು.

ಹರಿಗೋಲಿನ ಬಗ್ಗೆ ಅಂಬಿಗರ ಜೊತೆ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಗುತ್ತದೆ. ಬಲೆ ಬಿಡಲು ಅವರು ಜಾಕೆಟ್ ಹಾಕಿ ಅಭ್ಯಾಸವಿಲ್ಲ, "ಏನ್ ಆಗಂಗಿಲ್ರಿ ಅಣ್ಣಾರ" ಅನ್ನುತ್ತಾರೆ. ಅವರಿಗೆ ಈಜು ಬರುತ್ತದೆ, ನಿಮಗೆ ಬರುವುದಿಲ್ಲ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬಂದಿರುವುದಿಲ್ಲ. ಲೈಫ್ ಜಾಕೆಟ್ ನಿಮ್ಮದೇ ಒಯ್ಯುವುದು ಮೇಲು. ತೊಟ್ಟು, ಎಲ್ಲ ಪಟ್ಟಿ ಬಿಗಿದು, ಇನ್ನೊಬ್ಬರಿಗೆ ಭುಜದ ಬಳಿ ಹಿಡಿದು ಮೇಲೆತ್ತಲು ಹೇಳಿ. ಜಾಕೆಟ್ ಗದ್ದ ದಾಟಿ ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ, ನೀರಿಗೆ ಬಿದ್ದಾಗ ತಲೆಯಿಂದ ಕಳಚಿಕೊಳ್ಳುತ್ತದೆ. ಹರಿಗೋಲಿನ ತಳಕ್ಕೆ ತೇಪೆ ಹಾಕಿದ ಜಾಗ ಒತ್ತಿ ನೋಡಿ. ಹತ್ತುವ ಮೊದಲೇ ಒಳಗೆ ನೀರಿದ್ದರೆ ಅದು ಮಳೆಯದೋ ತಳದ್ದೋ ಕೇಳಿ. ಅದರಲ್ಲಿ ಕೂತೇ ಬೀಸಬೇಕು, ಅದೂ ಒಬ್ಬರಾದ ಮೇಲೆ ಒಬ್ಬರು. ನಿಂತು ಬೀಸಿದರೆ ದುಂಡಗಿನ ಹರಿಗೋಲು ತಿರುಗುತ್ತದೆ, ಗಾಳ ಪಕ್ಕದವರ ಕಿವಿಗೆ ಸಿಗುತ್ತದೆ.

ಅಂಬಿಗರ ಬಳಿ ಹೋಗುವುದರ ದೊಡ್ಡ ಲಾಭ ಇನ್ನೊಂದಿದೆ. ಹೊಳೆಯಲ್ಲಿ ಯಾರ ಬಲೆ ಎಲ್ಲಿದೆ ಅವರಿಗೆ ಗೊತ್ತು. ನಿಮ್ಮ ಗಾಳ ಯಾರದೋ ಬಲೆಗೆ ಸಿಕ್ಕಿಕೊಂಡರೆ ಮುಂದಿನದು ಜಗಳವೇ. ಕೆರೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ಹೆಚ್ಚಿನ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘಕ್ಕೋ ಹರಾಜಿನಲ್ಲಿ ಹಿಡಿದವರಿಗೋ ಗುತ್ತಿಗೆ ಕೊಟ್ಟಿರುತ್ತಾರೆ. ಅಲ್ಲಿನ ರೋಹು, ಕಾಟ್ಲಾ ಅವರು ದುಡ್ಡು ಕೊಟ್ಟು ತಂದು ಬಿಟ್ಟ ಮರಿ ಬೆಳೆದದ್ದು. "ಕೆರಿ ಯಾರದಲ್ರಿ, ಊರಿಂದ" ಅನ್ನುವ ಗೈಡ್ ನಿಮ್ಮನ್ನು ಕಳ್ಳತನಕ್ಕೆ ಕರೆದೊಯ್ಯುತ್ತಿದ್ದಾನೆ. ಗುತ್ತಿಗೆದಾರರ ಹೆಸರು, ಅವರ ಒಪ್ಪಿಗೆ, ಹಿಡಿದ ಮೀನು ಬಿಡಬೇಕೋ ತೂಕಕ್ಕೆ ಕೊಳ್ಳಬೇಕೋ, ಮೂರೂ ಹೊರಡುವ ಮೊದಲೇ ಗೊತ್ತಿರಲಿ. ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಹೋಗೋಣ ಅಂದವನ ಜೊತೆ ಮಾತೇ ಬೇಡ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಆ ಕೆರೆ ಸಂರಕ್ಷಿತ ಪ್ರದೇಶ, 2024ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿದೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಬ್ರಿಟಿಷರ ಕಾಲದ 1897ರ ಕಾಯ್ದೆಯಿಂದಲೇ ಅಪರಾಧ. "ಏನೂ ಸಿಗಲಿಲ್ಲ ಅಂದ್ರ ಒಂದ್ ತೋಟಾ ಹಾಕೋಣು" ಎಂದು ನಗೆಚಾಟಿಕೆಗೆ ಅಂದರೂ ವಾಪಸ್ ಬನ್ನಿ.

ನೀರಿಗೆ ಅಂಬಿಗರಿಗೆ ಪೂರ್ತಿ ಅಂಕ. ಸಾಮಾನಿಗೆ ಮಾತ್ರ ಅರ್ಧ ಅಂಕವೂ ಕೊಡಲಾಗದು, ಏಕೆಂದರೆ ಅವರ ಕೆಲಸ ಬಲೆಯದು. ರಾಡ್ ನಿಮ್ಮದೇ ಇರಬೇಕು.

ಪೇಟೆಯ ಹುಡುಗರಲ್ಲಿ ಇದು ತಿರುವುಮುರುವು. ಸಾಮಾನು ಚೆಂದ, ಲೈನಿನ ದಪ್ಪ ಬಾಯಿಪಾಠ, ನೀರಿನ ಪರಿಚಯ ಮಾತ್ರ ಒಂದೆರಡು ಜಾಗದ್ದು. ಇವರಲ್ಲಿ ಕೆಲವರು ನಿಜಕ್ಕೂ ಕಲಿಸುತ್ತಾರೆ. ಮುರ್ರೆಲ್‌ಗೆ ಇವರನ್ನೇ ಹಿಡಿಯಬೇಕು. ಬಾಡಿಗೆಗೆ ಕೊಡುವ ಸಾಮಾನನ್ನು ಮಾತ್ರ ಹೊರಡುವ ಮುನ್ನ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಚಿಟಿಕೆ ಅರಳೆ ತೆಗೆದುಕೊಂಡು ರಾಡಿನ ಒಂದೊಂದೇ ಉಂಗುರದ ಒಳಗೆ ಆಡಿಸಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಅರಳೆಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಬಿರುಕೇ ಬ್ರೇಡ್ (ಹೆಣೆದ) ದಾರವನ್ನು ಗರಗಸದಂತೆ ಕೊಯ್ಯುವುದು, ದೊಡ್ಡ ಮೀನು ಓಡುವಾಗ "ದಾರ ಹರೀತು" ಅನ್ನುವ ದೂರಿನ ಮೂಲವೂ ಬಹಳ ಸಲ ಅದೇ. ನೈಲಾನ್ ದಾರ ಬಿಸಿಲಿಗೆ ಸೊರಗುತ್ತದೆ. ರೀಲಿನ ಮೇಲಿನ ನಾಲ್ಕೈದು ಮೀಟರ್ ಬಿಚ್ಚಿ, ಒಂದು ಗಂಟು ಹಾಕಿ, ಕೈಗೆ ಬಟ್ಟೆ ಸುತ್ತಿ ಜಗ್ಗಿ. ಪಟಕ್ಕನೆ ಹರಿದರೆ ಹೊಸ ದಾರ ಸುತ್ತಿಸಿ. ಗಾಳದ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಹಗುರಾಗಿ ಎಳೆದು ನೋಡಿ, ಜಾರಿದರೆ ಮೊಂಡಾಗಿದೆ.

ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ತಡೆ, ಬಿಗಿಯುವುದರಲ್ಲಿ ಹೊಸಬ ಗೈಡ್‌ಗಳು ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ದಾರ ತಡೆಯುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಬಿಡಬೇಕು. ಎಂಟು ಕೆಜಿ ದಾರವಾದರೆ ಎರಡರಿಂದ ಎರಡೂವರೆ ಕೆಜಿ. ಬ್ಯಾಗು ತೂಗುವ ಸಣ್ಣ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ರಾಡ್ ಬಾಗಿಸಿ ಎಳೆದರೆ ರೀಲು ಎಷ್ಟಕ್ಕೆ ದಾರ ಬಿಡುತ್ತದೆ ಗೊತ್ತಾಗುತ್ತದೆ. "ಅಂದಾಜಿಗೆ ಬಿಗಿದೀನ್ರಿ" ಅಂದರೆ ತಕ್ಕಡಿ ತೆಗೆಸಿ. ಗಂಟಿನ ವಿಚಾರಕ್ಕೆ, ನೈಲಾನಿಗೆ ಹಾಕುವ ಮಾಮೂಲಿ ಸುತ್ತುಗಂಟು ಬ್ರೇಡಿನಲ್ಲಿ ಜಾರುತ್ತದೆ, ಅದಕ್ಕೆ ಪಾಲೋಮರ್ ಗಂಟೇ ಸರಿ. ಬಿಗಿಯುವ ಮೊದಲು ಗಂಟನ್ನು ಎಂಜಲಿನಿಂದ ಒದ್ದೆ ಮಾಡದವನು ಬಿಸಿಯಾದ ದಾರವನ್ನು ಅಲ್ಲೇ ದುರ್ಬಲ ಮಾಡುತ್ತಿದ್ದಾನೆ.

ಮುರ್ರೆಲ್‌ಗೆ ಆರೂವರೆಯಿಂದ ಏಳು ಅಡಿಯ ಗಟ್ಟಿ ರಾಡ್, ಮೂವತ್ತು-ನಲವತ್ತು ಪೌಂಡಿನ ಬ್ರೇಡ್, ಮೇಲೆ ತೇಲುವ ರಬ್ಬರ್ ಕಪ್ಪೆ. ಕಸದ ಮೇಲೆ ಕಪ್ಪೆಯನ್ನು ಕುಪ್ಪಳಿಸಿಕೊಂಡು ಬರುವಾಗ ನೀರು ಸಿಡಿಯಿತೆಂದು ಕೂಡಲೇ ಜಗ್ಗಿದರೆ ಕಪ್ಪೆ ಬರಿಗೈಯಲ್ಲಿ ಹಾರಿ ಬರುತ್ತದೆ. ದಾರ ಬಿಗಿಯುವವರೆಗೆ ಒಂದೆರಡು ಕ್ಷಣ ತಡೆದು ಜಗ್ಗಬೇಕು. ಇದನ್ನು ಹೇಳಿಕೊಡುವ ಗೈಡ್ ಸಿಕ್ಕರೆ ಹಣ ವಸೂಲಾಯಿತು. ಇನ್ನು, ಮಳೆಗಾಲದಲ್ಲಿ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಅದರ ಕೆಳಗೆ ತಾಯಿ-ತಂದೆ ಮುರ್ರೆಲ್ ಕಾವಲಿರುತ್ತವೆ. ಆಗ ಅವು ಏನೇ ಬಂದರೂ ಮೈಮೇಲೆ ಎರಗುತ್ತವೆ, ಹಿಡಿಯುವುದು ಬಲು ಸಲೀಸು. ಕಾವಲಿನ ಮೀನು ಹೋದರೆ ಇಡೀ ಮರಿಗುಂಪು ಬೇರೆ ಮೀನುಗಳ ಬಾಯಿಗೆ ಹೋಗುತ್ತದೆ. ಆ ಗುಂಪನ್ನೇ ತೋರಿಸಿ "ಅಲ್ಲೇ ಒಗೀರಿ ಸರ್" ಅನ್ನುವ ಗೈಡ್‌ಗಳಿದ್ದಾರೆ. ರೀಲ್ಸಿಗೆ ಒಳ್ಳೆಯ ವಿಡಿಯೊ ಸಿಗುತ್ತದೆ, ಮುಂದಿನ ವರ್ಷ ಆ ಕೆರೆಯಲ್ಲಿ ಮೀನು ಸಿಗುವುದಿಲ್ಲ.

ಮೇಲೆ ಹಾದ ಕರೆಂಟಿನ ತಂತಿಯನ್ನು ಇವರು ನೋಡುವುದೇ ಇಲ್ಲ. ಹೊಳೆದಂಡೆಯ ಪಂಪ್‌ಸೆಟ್‌ಗಳಿಗೆ ಎಳೆದ ತಂತಿ ಎಷ್ಟೋ ಕಡೆ ಜೋತುಬಿದ್ದಿರುತ್ತದೆ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಜಾಗಕ್ಕೆ ಬಂದ ಕೂಡಲೇ ತಲೆ ಎತ್ತಿ ನೋಡುವುದು, ಚೈತ್ರ-ವೈಶಾಖದ ಅಡ್ಡಮಳೆಯ ಗುಡುಗು ಕೇಳಿದೊಡನೆ ರಾಡ್ ನೆಲಕ್ಕಿಟ್ಟು ದೂರ ಸರಿಯುವುದು, ಇವೆರಡೂ ನೀವು ಹೇಳದೆಯೇ ಗೈಡ್ ಮಾಡಿಸಬೇಕಾದ ಕೆಲಸ.

ದಾಂಡೇಲಿ ಪ್ಯಾಕೇಜುಗಳ ಬಗ್ಗೆ ಉದ್ದಕ್ಕೆ ಬರೆಯುವುದಕ್ಕೇನೂ ಇಲ್ಲ. ಧಾರವಾಡದಿಂದ ಒಂದೂವರೆ ತಾಸಿನ ದಾರಿ, ಕಾಳಿ ಹೊಳೆ ಸೊಗಸು, ಊಟ-ವಸತಿಗೆ ತೊಂದರೆಯಿಲ್ಲ. "ಫಿಶಿಂಗ್" ಎಂದು ಹಾಕಿರುವುದು ಹೆಚ್ಚಿನ ಕಡೆ ಸಂಜೆ ಹೊತ್ತು ಕೈಗೊಂದು ಕೋಲು ಕೊಟ್ಟು ಕೂರಿಸುವುದು, ಅಷ್ಟೆ. ಕೇಳಬೇಕಾದದ್ದು ಒಂದೇ: ಆ ಜಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೋ ಹೊರಗೋ? 1972ರ ವನ್ಯಜೀವಿ ಕಾಯ್ದೆಯಡಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಗಾಳ ಹಾಕುವಂತಿಲ್ಲ, ಹಿಡಿದು ಬಿಡುತ್ತೇವೆ ಅಂದರೂ ಅಷ್ಟೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಯ ಹೆಸರಾಂತ ಮಹಶೀರ್ ಶಿಬಿರಗಳಲ್ಲಿ ಗಾಳ ನಿಂತದ್ದು ಇದೇ ಕಾರಣಕ್ಕೆ. ಮೇಲಿನ ಸೂಪಾ ಅಣೆಯಲ್ಲಿ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗೆ ಹೊಳೆಯ ಮಟ್ಟ ಏರುವುದೂ ಗೈಡ್‌ಗೆ ಗೊತ್ತಿರಬೇಕು. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳು ಬೇಕಾದಷ್ಟಿವೆ. ಸಂಸಾರ ಸಮೇತ ಹೋಗಿ ಹೊಳೆ ನೋಡಿ ಬನ್ನಿ, ಗಾಳದ ಸಲುವಾಗಿ ಇಷ್ಟು ದುಡ್ಡು ಸುರಿಯುವುದು ನಮಗೆ ಸರಿ ಕಾಣುವುದಿಲ್ಲ.

ಹೊಂಡದ ಮೀನುಗಾರಿಕೆಯನ್ನು ಹಳೆಯ ಗಾಳದವರು ಮೂಗು ಮುರಿದು ನೋಡುತ್ತಾರೆ. ಮಕ್ಕಳಿಗೆ, ಮೊದಲ ಸಲದವರಿಗೆ ಅದು ಕೆಟ್ಟದ್ದಲ್ಲ. ಬೀಸುವುದು, ಜಗ್ಗುವುದು, ಮೀನು ಬಿಡಿಸುವುದು ಮೂರನ್ನೂ ಅರ್ಧ ದಿನದಲ್ಲಿ ಕಲಿಯಬಹುದು. ಆದರೆ ಕೃಷಿ ಹೊಂಡದ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಬಿದ್ದವರು ಹತ್ತಿ ಬರಲಾರರು, ಈಜು ಬಲ್ಲವರಿಗೂ ಕೈಗೆ ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ ಇರಬೇಕು. ಗಂಟು ಹಾಕಿದ ಹಗ್ಗ ನಾಲ್ಕೂ ಬದಿಯಿಂದ ನೀರಿಗಿಳಿದಿರಬೇಕು, ಗಾಳಿ ತುಂಬಿದ ಟ್ಯೂಬು ಕೈಗೆ ಸಿಗುವಂತಿರಬೇಕು. ಇಲ್ಲದ ಕಡೆ ಮಕ್ಕಳನ್ನು ಒಯ್ಯಬೇಡಿ. ಹೊಂಡದಲ್ಲಿ ಯಾವ ಮೀನಿದೆ ಕೇಳಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ದೇಶದಲ್ಲಿ ನಿಷಿದ್ಧ. ಮೈಮೇಲೆ ಹುರುಪೆಯಿಲ್ಲದ, ಎಂಟು ಮೀಸೆಯ, ಚಪ್ಪಟೆ ತಲೆಯ ಮೀನನ್ನೇ "ನಾಟಿ" ಎಂದು ತೂಗಿ ಕೊಡುವವರಿದ್ದಾರೆ.

ಎರೆಯ ವಿಷಯಕ್ಕೆ ಬಂದರೆ, ಗೆಂಡೆ ಜಾತಿಗೆ ನಮ್ಮ ಕಡೆ ಶೇಂಗಾ ಹಿಂಡಿಯನ್ನು ಮೀರಿದ್ದಿಲ್ಲ. ಅರ್ಧ ದಿನಕ್ಕೆ ಒಂದು ಕೆಜಿ ಹಿಂಡಿ ಪುಡಿ, ಅರ್ಧ ಕೆಜಿ ಗೋದಿ ಬೂಸಾ ಸಾಕು. ಹಿಂಡಿಯನ್ನು ಘಮ ಬರುವಷ್ಟು ಹುರಿದು, ಬೂಸಾ ಬೆರೆಸಿ, ನೀರು ಚಿಮುಕಿಸುತ್ತ ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಮೀನು ಸೇರಲೆಂದು ನೀರಿಗೆ ಎಸೆಯುತ್ತಾರೆ. ಒಂದು ಉಂಡೆಯನ್ನು ಬಕೆಟ್ ನೀರಿಗೆ ಹಾಕಿ ನೋಡಿ. ಐದರಿಂದ ಹತ್ತು ನಿಮಿಷದಲ್ಲಿ ಬಿಚ್ಚಿಕೊಳ್ಳಲು ಶುರುವಾದರೆ ಹದ ಸರಿ. ಬಿದ್ದ ಕೂಡಲೇ ಕರಗಿದರೆ ನೀರು ಹೆಚ್ಚಾಗಿದೆ. ಕಲ್ಲಿನ ಹಾಗೆ ಕೂತರೆ ವಾಸನೆ ಹರಡುವುದಿಲ್ಲ. ಗಾಳಕ್ಕೆ ಹಚ್ಚುವ ಹಿಟ್ಟಿಗೆ ಜೋಳದ ಬದಲು ಗೋದಿ ಹಿಟ್ಟು ಹಾಕಬೇಕು, ಜೋಳದಲ್ಲಿ ಅಂಟಿಲ್ಲ, ಬೀಸಿದ ಹೊಡೆತಕ್ಕೆ ಉದುರುತ್ತದೆ. ಐದು ಕೆಜಿ ಹಿಂಡಿ ಸುರಿಸುವ ಗೈಡ್ ಮೀನಿನ ಹೊಟ್ಟೆ ತುಂಬಿಸುತ್ತಾನೆ, ನಿಮ್ಮ ಗಾಳ ಖಾಲಿ ನಿಲ್ಲುತ್ತದೆ. ಸಣ್ಣ ಕೆರೆಯಲ್ಲಿ ನೀರೂ ಕೊಳೆಯುತ್ತದೆ. ಬಾಳೆಮೀನಿಗೆ ಹೋಗುವವರು ಗಾಳದ ಮುಂದೆ ಉಕ್ಕಿನ ತಂತಿ ಹಾಕಲೇಬೇಕು, ಅದರ ಹಲ್ಲಿಗೆ ನೈಲಾನ್ ನಿಲ್ಲುವುದಿಲ್ಲ. ಬಾಳೆಮೀನು ಈಗ ಅಪಾಯದ ಅಂಚಿನ ಪಟ್ಟಿಯಲ್ಲಿದೆ, ಹಿಡಿದರೆ ಬಿಟ್ಟುಬಿಡಿ.

ಹಿಡಿದ ಮೀನನ್ನು ಗೈಡ್ ಹೇಗೆ ಮುಟ್ಟುತ್ತಾನೆ ಅನ್ನುವುದರಲ್ಲಿ ಅರ್ಧ ಉತ್ತರ ಸಿಗುತ್ತದೆ. ಗಾಳದ ತುದಿಯ ಹಿಂದಿನ ಸಣ್ಣ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಮಟ್ಟಸ ಮಾಡಿರಬೇಕು. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಗೂ ಬಾಲಕ್ಕೂ ಆಸರೆ ಕೊಟ್ಟು ಅಡ್ಡಲಾಗಿ ಹಿಡಿಯಬೇಕು. ಕಿವಿರಿಗೆ ಬೆರಳು ತೂರಿಸಿ ನೇತಾಡಿಸಿದ ಮೀನು ಬಿಟ್ಟ ಮೇಲೂ ಬದುಕುವುದು ಕಷ್ಟ. ಒಣ ಬಟ್ಟೆ, ಬಿಸಿ ಬಂಡೆ ಎರಡೂ ಮೈಮೇಲಿನ ಲೋಳೆ ಕಿತ್ತು ರೋಗ ತರುತ್ತವೆ. ಮಾರ್ಚ್‌ನಿಂದ ಮೇವರೆಗೆ ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಆಗ ಬೆಳಗಿನ ಒಂಬತ್ತಕ್ಕೇ ಮುಗಿಸುವ ಗೈಡ್ ಜಾಣ. ನೀರು ತಿಳಿಯಾಗಿರುವ ನವೆಂಬರ್-ಫೆಬ್ರವರಿಯೇ ನಮ್ಮ ಕಡೆಗೆ ಒಳ್ಳೆಯ ಕಾಲ. ಮುಂಗಾರಿನ ಹೊಸ ನೀರಿಗೆ ಗೆಂಡೆಗಳು ಮೊಟ್ಟೆಯಿಡಲು ಏರುವಾಗ ಬುಕಿಂಗ್ ತೆಗೆದುಕೊಳ್ಳದವನನ್ನು ಬರೆದಿಟ್ಟುಕೊಳ್ಳಿ.

ಔಷಧಿ ಡಬ್ಬಿ ತೆರೆದು ತೋರಿಸಲು ಹೇಳಿ. ಚೇಳುಮೀನು ಚುಚ್ಚಿದರೆ ತಡೆಯಲಾಗದ ಉರಿ. ಚುಚ್ಚಿದ ಜಾಗವನ್ನು ಚರ್ಮ ಸುಡದಷ್ಟು ಬಿಸಿಯ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧ ತಾಸಿನಿಂದ ಒಂದು ತಾಸು ಮುಳುಗಿಸಿದರೆ ನೋವು ಇಳಿಯುತ್ತದೆ, ಹಾಗಾಗಿ ಥರ್ಮಾಸಿನಲ್ಲಿ ಬಿಸಿನೀರು ಇರಲಿ. ಗಾಳ ಬೆರಳಿಗೆ ಹೊಕ್ಕರೆ ತಂತಿ ಕತ್ತರಿಸುವ ಇಕ್ಕಳ ಬೇಕು. ಕಣ್ಣಿನ ಹತ್ತಿರ ಹೊಕ್ಕರೆ ಯಾರೂ ಕೈ ಹಚ್ಚದೆ ದಾರ ಕತ್ತರಿಸಿ ಆಸ್ಪತ್ರೆಗೆ ಹೊರಡಬೇಕು. ಹತ್ತಿರದ ತಾಲ್ಲೂಕು ಆಸ್ಪತ್ರೆ ಎಷ್ಟು ದೂರ ಎಂದರೆ ತಡವರಿಸದೆ ಹೇಳಬೇಕು.

ದುಡ್ಡಿನ ಮಾತು ಬಿಡಿಸಿ ಆಡಿ: ಆತನ ಕೂಲಿ, ಹರಿಗೋಲು, ರಾಡಿನ ಬಾಡಿಗೆ, ಎರೆ, ಗುತ್ತಿಗೆದಾರರಿಗೆ ಕೊಡುವುದು, ಊಟ, ಒಂದೊಂದಕ್ಕೂ ಎಷ್ಟು? "ಎಲ್ಲಾ ಕೂಡಿ ಇಷ್ಟ್ರಿ" ಅಂದಲ್ಲಿ ದಂಡೆಗೆ ಹೋದ ಮೇಲೆ ಬಾಲ ಬೆಳೆಯುತ್ತದೆ. ಮುಂಗಡ ಮೂರನೇ ಒಂದು ಭಾಗ ಸಾಕು. ಮುರಿದ ರಾಡಿಗೆ ಯಾರು ಹೊಣೆ, ಬಲೆ ಹರಿದರೆ ಯಾರು ಕೊಡಬೇಕು, ಇವು ವಾಟ್ಸಾಪಿನಲ್ಲಿ ಬರಹದಲ್ಲಿರಲಿ. ಹೊಳೆ ಏರಿದ್ದಕ್ಕೆ ಆತನೇ ಬೇಡ ಎಂದರೆ ಮುಂಗಡ ಮುಂದಿನ ದಿನಕ್ಕೆ ಜಮಾ ಆಗಬೇಕು. ಆದರೆ ಹಾಗೆ ಬೇಡ ಅಂದವನಿಗೆ ಆ ದಿನದ ಅರ್ಧ ಕೂಲಿಯಾದರೂ ಕೊಡುವ ಕರಾರು ಮಾಡಿಕೊಳ್ಳಿ. ಕೂಲಿ ಪೂರ್ತಿ ಕೈತಪ್ಪುವುದಾದರೆ ರಾಡಿ ನೀರಿಗೂ ಕರೆದೊಯ್ಯುವ ಆಸೆ ಯಾರಿಗಾದರೂ ಹುಟ್ಟುತ್ತದೆ.

ಹಿಂದಿನ ರಾತ್ರಿ ಎಂಟರ ಹೊತ್ತಿಗೆ ಒಂದು ಫೋನು ಮಾಡಿ ನೀರಿನ ಜೊತೆ ದಾರಿಯನ್ನೂ ಕೇಳಿ. ಹೊಳೆಸಾಲಿನ ಎರೆಹೊಲದ ದಾರಿಗೆ ಒಂದು ಹದ ಮಳೆ ಬಿದ್ದರೆ ಕಾರು ಅಚ್ಚಿನವರೆಗೆ ಹೂಳುತ್ತದೆ. ಡಾಂಬರು ರಸ್ತೆಯಲ್ಲೇ ಗಾಡಿ ನಿಲ್ಲಿಸಿ ಎಷ್ಟು ನಡೆಯಬೇಕು, ಸಾಮಾನು ಯಾರು ಹೊರುತ್ತಾರೆ ಎಂದು ಆಗಲೇ ತೀರ್ಮಾನವಾದರೆ, ಬೆಳಗಿನ ನಾಲ್ಕಕ್ಕೆ ಹುಬ್ಬಳ್ಳಿ ಬಿಟ್ಟವರು ಬೆಳಕು ಹರಿಯುವಷ್ಟರಲ್ಲಿ ಗಾಳ ಹಾಕಿ ಕೂತಿರಬಹುದು.